ಅರಿಶಿನದ ದಾರ ಕಟ್ಟಿದ ಕೇಬಲ್ಲು

ಮಾಲಾ ಬೀಗ ಹಾಕಿದ ಮೇಲೆ ಅದನ್ನು ಎಳೆದು ನೋಡುತ್ತಾಳೆ. ಗೇಟಿನ ತನಕ ಹೋದವಳು ತಿರುಗಿ ಬಂದು ಇನ್ನೊಮ್ಮೆ ಎಳೆಯುತ್ತಾಳೆ. ಜೊತೆಗೆ ಕೆಲಸ ಮಾಡುವ ಗಂಗುಲಪ್ಪ ದಿನಾ ಇದನ್ನು ನೋಡಿ, "ಬೀಗ ಕಿತ್ತು ಕೈಗೆ ಬರೋ ಗಂಟ ಎಳೀಬೇಕು ಕಣಮ್ಮಾ, ಆವಾಗ ಸಮಾಧಾನ" ಎಂದು ನಗುತ್ತಾನೆ. ಅವಳು ನಗುವುದಿಲ್ಲ. ಒಲೆ ಆರಿಸಿದೆನಾ, ನಲ್ಲಿ ತಿರುಗಿಸಿದೆನಾ ಎಂದು ಬಸ್ಸಿನಲ್ಲಿ ಕೂತಾಗಲೂ ಬೆರಳು ಹಿಸುಕಿಕೊಳ್ಳುವ ಹೆಂಗಸು ಅವಳು.

ಜಂಗಮಕೋಟೆಯಿಂದ ಒಳಕ್ಕೆ ಹೋದರೆ ಜಯರಾಮಪ್ಪನವರ ಹಿಪ್ಪುನೇರಳೆ ತೋಟ. ಅದರ ಅಂಚಿನಲ್ಲಿ ನಮ್ಮ ಚಾಕಿ ಮನೆ. ರೇಷ್ಮೆ ಮೊಟ್ಟೆ ಒಡೆಸಿ, ಮರಿ ಹುಳುಗಳನ್ನು ಎರಡು ಜ್ವರ ದಾಟಿಸಿ, ಹೇಳಿಟ್ಟ ರೈತರಿಗೆ ಕೊಡುವುದು ಇಲ್ಲಿನ ಕೆಲಸ. ಹುಳು ಪೊರೆ ಬಿಡುವ ಮೊದಲು ಮೇವು ನಿಲ್ಲಿಸಿ, ತಲೆ ಎತ್ತಿಕೊಂಡು ಅಲುಗದೆ ಮಲಗುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಮೇಯುವ ಹುಳುವಿಗೆ ಗಾಳಿಯಲ್ಲಿ ತೇವ ಇರಬೇಕು, ಇಲ್ಲದಿದ್ದರೆ ಸೊಪ್ಪು ಒಣಗುತ್ತದೆ. ಜ್ವರದ ಹುಳುವಿಗೆ ಒಣ ಹಾಸಿಗೆ ಬೇಕು. ಮಲಗಿದಾಗ ತೇವ ಹಿಡಿದರೆ ಅರ್ಧ ಏಳುವುದಿಲ್ಲ, ಎದ್ದವು ರೈತನ ಮನೆಗೆ ರೋಗ ಹೊತ್ತುಕೊಂಡು ಹೋಗುತ್ತವೆ. ನಮ್ಮ ಮನೆಯವರು ತೀರಿಕೊಂಡ ಮೇಲೆ ನಾನು ಇಲ್ಲಿ ಸೊಪ್ಪು ಹೆಚ್ಚುವ ಕೆಲಸಕ್ಕೆ ಸೇರಿದೆ. ಮಾಲಾ ಬಂದದ್ದು ಆಮೇಲೆ, ಸರ್ವರ್ ಬಂದಾಗ.

ಅವಳು ಚಿಂತಾಮಣಿಯವಳು. ಅವಳ ಅಪ್ಪ ವೆಂಕಟರವಣಪ್ಪ ಮಂಡಿಯಲ್ಲಿ ಟೊಮ್ಯಾಟೊ ಇಳಿಸಿಕೊಳ್ಳುತ್ತಿದ್ದ. ಕ್ರೇಟುಗಳೆಲ್ಲ ಒಂದೇ ಥರ ಇರುತ್ತವಲ್ಲ, ಯಾವುದು ಯಾರದು ಎಂದು ತಿಳಿಯಲು ಹಿಡಿಗೆ ಬಣ್ಣದ ಬಟ್ಟೆ ಚೂರು ಕಟ್ಟುವುದು ಅವರ ಪದ್ಧತಿ. ರಜೆಯ ದಿನ ಕಟ್ಟುವ ಕೆಲಸ ಮಾಲಾಳದು. ಒಮ್ಮೆ ಇಬ್ಬರು ರೈತರಿಗೆ ಒಂದೇ ಬಣ್ಣ ಕಟ್ಟಿಬಿಟ್ಟಳು. ಒಬ್ಬನ ಕೊಳೆತ ಹಣ್ಣು ಇನ್ನೊಬ್ಬನ ಲೆಕ್ಕಕ್ಕೆ ಬಿದ್ದು, ಮಂಡಿಯ ಬಾಗಿಲಲ್ಲಿ ಕೈ ಕೈ ಮಿಲಾಯಿಸಿದರು. ಅಪ್ಪ ಹೊಡೆಯಲಿಲ್ಲ. "ಗುರುತು ಕಟ್ಟೋದಂದ್ರೆ ಮಾತು ಕೊಟ್ಟಂಗೆ ಪಾಪಾ" ಎಂದನಂತೆ, ಅಷ್ಟೇ. ಹೊಡೆದಿದ್ದರೆ ಮರೆಯುತ್ತಿದ್ದೆ ಎನ್ನುತ್ತಾಳೆ ಮಾಲಾ.

ಕಂಪ್ಯೂಟರ್ ಡಿಪ್ಲೊಮಾ ಓದಿಕೊಂಡಳು. ಹಾಲಿನ ಡೇರಿಯಲ್ಲಿ ಕೆಲಸ ಮಾಡುವ ತಿರುಮಲೇಶನನ್ನು ಮದುವೆಯಾಗಿ ನಮ್ಮೂರಿಗೆ ಬಂದಳು. ಆಗಷ್ಟೇ ಜಯರಾಮಪ್ಪನವರು ಹುಳು ಸಾಕುವ ದೊಡ್ಡ ಕೋಣೆಗೊಂದು, ಸಣ್ಣ ಕೋಣೆಗೊಂದು ಪೆಟ್ಟಿಗೆ ಹಾಕಿಸಿದ್ದರು. ಅದು ಬಿಸಿಯನ್ನೂ ಬಿಡುತ್ತದೆ, ಮಂಜನ್ನೂ ಬಿಡುತ್ತದೆ. ಎರಡಕ್ಕೂ ಹುಕುಂ ಕೊಡಲು ಆಫೀಸು ಕೋಣೆಯಲ್ಲಿ ಸರ್ವರ್ ಎಂಬ ಕಂಪ್ಯೂಟರ್ ಕೂರಿಸಿ, ಅದನ್ನು ನೋಡಿಕೊಳ್ಳಲು ಮಾಲಾಳನ್ನು ಇಟ್ಟರು. ಸರ್ವರಿನ ಬೆನ್ನಲ್ಲಿ ಸಾಲಾಗಿ ತೂತುಗಳು. ಗೋಡೆ ಪಕ್ಕದ್ದರಿಂದ ಹೊರಟ ಕೇಬಲ್ ಸಣ್ಣ ಕೋಣೆಗೆ, ಅದರ ಮಗ್ಗುಲಿನದು ದೊಡ್ಡ ಕೋಣೆಗೆ. ಎರಡೂ ಬೂದಿ ಬಣ್ಣ, ಎರಡೂ ಒಂದೇ ದಪ್ಪ. ಮಾಲಾ ಮೊದಲ ದಿನವೇ ತನ್ನ ಮಂಡಿಯ ಬುದ್ಧಿ ಉಪಯೋಗಿಸಿದಳು. ಸಣ್ಣ ಕೋಣೆಯ ಕೇಬಲ್ಲಿಗೆ ಅರಿಶಿನದ ದಾರ, ದೊಡ್ಡ ಕೋಣೆಯದಕ್ಕೆ ಕೆಂಪು ದಾರ ಕಟ್ಟಿದಳು. "ಹಳದಿ ಗೋಡೆ ಕಡೆ, ಕೆಂಪು ಈ ಕಡೆ. ನಾನು ಇಲ್ಲದಿದ್ರೂ ನೆನಪಿರ್ಲಿ ದೊಡ್ಡಮ್ಮ" ಎಂದು ನನಗೂ ಗಂಗುಲಪ್ಪನಿಗೂ ಬಾಯಿಪಾಠ ಮಾಡಿಸಿದಳು.

ಈ ಪುಷ್ಯ ಮಾಸದ ಚಳಿಯಲ್ಲಿ ಆದದ್ದನ್ನು ಹೇಳುತ್ತೇನೆ.

ಒಂದು ಬೆಳೆ ಮುಗಿದರೆ ಇನ್ನೊಂದು ಬೆಳೆಗೆ ಮೊದಲು ಚಾಕಿ ಮನೆಯನ್ನು ತೊಳೆಯುತ್ತೇವೆ. ಟ್ರೇ, ಸ್ಟ್ಯಾಂಡು, ಬಲೆ, ಕೈಗೆ ಸಿಕ್ಕಿದ್ದೆಲ್ಲ ಸುಣ್ಣದ ನೀರು ಕಂಡೇ ಬಿಸಿಲಿಗೆ ಹೋಗಬೇಕು. ಮೈಲಿಗೆ ಉಳಿದರೆ ಹುಳು ಉಳಿಯುವುದಿಲ್ಲ. ಈ ಸಲ ತೊಳೆಯುವಾಗ ಮಾಲಾ ಮುರುಗಮಲ್ಲದ ನೆಂಟರ ಮನೆಗೆ ಹೋಗಿದ್ದಳು. ನಾನು ತೋಟದಲ್ಲಿ ಸೊಪ್ಪು ನೋಡುತ್ತಿದ್ದೆ. ಹೊಸದಾಗಿ ಸೇರಿದ ವೆಂಕಟರತ್ನಮ್ಮ ಶ್ರದ್ಧೆಯ ಹೆಂಗಸು. ಆಫೀಸು ಕೋಣೆಯನ್ನೂ ಬಿಡಲಿಲ್ಲ. ಕೇಬಲ್ಲುಗಳನ್ನು ಬಿಚ್ಚಿ ಸುಣ್ಣದ ನೀರಿನ ಬಟ್ಟೆಯಲ್ಲಿ ಉದ್ದಕ್ಕೂ ಒರೆಸಿ, ಒಣಗಿಸಿ, ತಿರುಗಿ ಚುಚ್ಚಿದಳು. ಸರ್ವರ್ ಹಚ್ಚಿದಾಗ ಪರದೆಯ ಮೇಲೆ ಎರಡು ಕೋಣೆಯೂ ಬಂದವು. ಎಲ್ಲಾ ಸರಿಯಾಗಿದೆ ಅಂದುಕೊಂಡೆವು. ಎರಡೂ ಕೋಣೆಗೆ ಒಂದೇ ಬಿಸಿ, ಒಂದೇ ತೇವ ನಡೆಯುವಷ್ಟು ದಿನ ಸರಿಯಾಗಿಯೇ ಇತ್ತು.

ಸಣ್ಣ ಕೋಣೆಯ ಹುಳು ಮೊದಲು ಜ್ವರಕ್ಕೆ ಹೋಯಿತು. ಬೆಳಿಗ್ಗೆ ಮಾಲಾ ಕಂಪ್ಯೂಟರಿನಲ್ಲಿ ಸಣ್ಣ ಕೋಣೆಗೆ ಒಣ ಇಟ್ಟಳು, ದೊಡ್ಡದಕ್ಕೆ ತೇವ ಬಿಟ್ಟಳು. ಪರದೆ ಹಾಗೇ ತೋರಿಸಿತು. ಸಣ್ಣದು ಒಣ, ದೊಡ್ಡದು ತೇವ.

ನಾನು ದೊಡ್ಡ ಕೋಣೆಗೆ ಸೊಪ್ಪು ಹಾಕಲು ಹೋದೆ. ಆಗಷ್ಟೇ ಹಾಕಿದ ಸೊಪ್ಪಿನ ಅಂಚು ಸುರುಟಿಕೊಂಡಿತ್ತು. ಬೆರಳಲ್ಲಿ ಮುಟ್ಟಿದರೆ ಸದ್ದು ಮಾಡಿತು. ಹೊರಗೆ ಬಂದು ಕರೆದೆ.

"ಮಾಲಾ, ದೊಡ್ಡ ಕೋಣೇಲಿ ಸೊಪ್ಪು ಒಣಗ್ತೈತಲ್ಲಮ್ಮ."

"ಇಲ್ಲ ದೊಡ್ಡಮ್ಮ, ಇಲ್ಲಿ ತೇವ ಸರಿಯಾಗಿ ತೋರಿಸ್ತೈತೆ."

"ಇರಬೋದು. ಸೊಪ್ಪು ಒಣಗ್ತೈತೆ."

ಅವಳು ಎದ್ದು ದೊಡ್ಡ ಕೋಣೆಗೆ ಹೋಗಲಿಲ್ಲ, ನೇರ ಸಣ್ಣ ಕೋಣೆಗೆ ಓಡಿದಳು. ಅವಳ ಭಯ ಯಾವಾಗಲೂ ಅವಳಿಗಿಂತ ಮುಂದೆ ಓಡುತ್ತದೆ. ಹಿಂದೆಯೇ ನಾನು ಹೋದೆ. ಪೆಟ್ಟಿಗೆಯ ಬಾಯಿಂದ ಬಿಳೀ ಮಂಜು ಸುರಿಯುತ್ತಿತ್ತು. ಮಲಗಿದ ಹುಳುಗಳ ಮೇಲೆ ಇಬ್ಬನಿ ಕೂತಿತ್ತು.

"ಅಯ್ಯೋ ದೇವುಡಾ" ಎಂದಳು.

ಗಂಗುಲಪ್ಪ ಪೆಟ್ಟಿಗೆ ಆರಿಸಲು ಕೈ ಹಾಕಿದ. "ಬೇಡ ಮಾವಾ, ಬಿಸೀನೂ ನಿಂತೋಗ್ತೈತೆ!" ಎಂದು ತಡೆದಳು. ಹೊರಗೆ ಮೂಗು ಕೊರೆಯುವ ಚಳಿ. ಅವನು ಮಂಜಿನ ಬಾಯಿಗೆ ಗೋಣಿ ತಾಟು ಕಟ್ಟಿದ. ಅದು ನೆನೆದು ತೊಟ್ಟಿಕ್ಕಲು ಶುರುವಾಯಿತು.

"ಎರಡು ಕೇಬಲ್ ಅದಲು ಬದಲು ಮಾಡಿಬಿಡು, ಮುಗೀತು" ಎಂದ ಗಂಗುಲಪ್ಪ.

"ಅದೇ ಆಗಿದೆ ಅಂತ ಹೆಂಗೆ ಗೊತ್ತು?" ಎಂದಳು ಮಾಲಾ. ಸ್ವಲ್ಪ ದಿನದ ಹಿಂದೆ ರಿಪೇರಿಯವನು ಬಂದು ಸರ್ವರಿಗೆ ಹೊಸ ಕಾರ್ಡ್ ಹಾಕಿ, ಇನ್ನೆರಡು ತೂತು ಸೇರಿಸಿ, ಹೊರಗಿನ ಇಂಟರ್ನೆಟ್ ಲೈನನ್ನು ಅದಕ್ಕೆ ಚುಚ್ಚಿ ಹೋಗಿದ್ದ. "ಆವಾಗ ಒಳಗೆ ತೂತುಗಳ ಹೆಸರೇ ಹಿಂದೆ ಮುಂದೆ ಆಗಿದ್ರೆ? ಕೇಬಲ್ ಸರಿಯಾಗಿದ್ದು ಪೆಟ್ಟಿಗೇನೇ ಕೆಟ್ಟಿದ್ರೆ? ಊಹೆ ಮೇಲೆ ಕಿತ್ತು, ಎರಡು ಕೋಣೇನೂ ನಿಂತೋದ್ರೆ?"

ರಿಪೇರಿಯವನಿಗೆ ಫೋನು ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಸರ್ವರಿನ ಹಿಂದೆ ಬಗ್ಗಿ ನೋಡಿದಳು. ನೋಡಿದವಳು ಹಾಗೇ ಕೂತುಬಿಟ್ಟಳು. ಎರಡು ಕೇಬಲ್ಲಿನಲ್ಲೂ ದಾರ ಇತ್ತು. ಎರಡೂ ಕೆಂಪು.

"ದೊಡ್ಡಮ್ಮ, ನಾನು ಹಳದಿ ಕಟ್ಟಿದ್ದೆ ಅಲ್ವಾ?"

"ಕಟ್ಟಿದ್ದೆ."

"ನೀವು ನೋಡಿದ್ರಾ?"

"ನೋಡಿದೀನಿ ಕಣೇ."

"ಮತ್ತೆ?" ಎಂದಳು. ಎರಡು ಕೆಂಪನ್ನೂ ಬೆರಳಲ್ಲಿ ಹಿಡಿದು, ಯಾರದೋ ಕ್ರೇಟು ನೋಡುವ ಮಗುವಿನ ಹಾಗೆ ನೋಡುತ್ತಿದ್ದಳು. "ಮತ್ತೆ ಎರಡಕ್ಕೂ ಒಂದೇ ಕಟ್ಬಿಟ್ನಾ ನಾನು?"

ಅಳಲು ಹೊತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಮೂಗು ಒರೆಸಿಕೊಂಡು ಕೀಬೋರ್ಡಿನ ಮುಂದೆ ಕೂತಳು. ಏನೋ ಒತ್ತಿದಳು, ಸಾಲುಗಳು ಬಂದವು. ಒಂದೊಂದು ತೂತಿಗೂ ಕಂಪ್ಯೂಟರ್ ಇಟ್ಟ ಹೆಸರು ಅವು ಎಂದಳು.

"ಏನಂತೆ ಹೆಸರು?" ಎಂದ ಗಂಗುಲಪ್ಪ.

"ಎನೋ ಒನ್ನು, ಎನೋ ಟೂ."

"ಏನೋ ಅಂತಲಾ? ಹೆಸರಿಟ್ಟೋನಿಗೇ ನೆಟ್ಟಗೆ ಗೊತ್ತಿಲ್ಲ ಬಿಡು."

"ಮಾವಾ, ಸುಮ್ನಿರಿ! ಒನ್ನು ಸಣ್ಣ ಕೋಣೆದು, ಟೂ ದೊಡ್ಡದು. ಹಂಗಂತ ಇದರೊಳಗೆ ಬರೆದೈತೆ. ಒನ್ನು ಯಾವ ತೂತು, ಆ ತೂತಿನ ಕೇಬಲ್ ಯಾವ ಕೋಣೆಗೆ ಹೋಗ್ತೈತೆ, ಎರಡು ಬೇರೆ ಬೇರೆ ಮಾತು. ಒಂದೊಂದೇ ನೋಡಣ. ದೊಡ್ಡಮ್ಮ, ನೀವು ಹಿಂದೆ ಹೋಗಿ. ನಾನು ಒನ್ನಿಗೆ ಹೇಳ್ತೀನಿ, ಅದರ ಪಕ್ಕದ ದೀಪ ಮಿಣಕ್ತೈತೆ. ಯಾವುದು ಅಂತ ಹೇಳಿ."

ನಾನು ಹಿಂದೆ ಮೊಣಕಾಲೂರಿ ಕೂತೆ. ಹಸಿರು ದೀಪಗಳು ಸಾಸಿವೆ ಕಾಳಿನಷ್ಟು.

"ಎಲ್ಲಾ ಮಿಣಕ್ತಾವಲ್ಲೇ!"

"ಮಾತು ಹೋಗಿ ಬರ್ತಿದ್ರೆ ಅವು ಹೆಂಗೆಂಗೋ ಮಿಣಕ್ತಾವೆ. ನಾನು ಹೇಳಿದ್ದು ಒಂದೇ ಸಮ, ಹತ್ತಿ ಆರಿ, ಹತ್ತಿ ಆರಿ. ಆತುರ ಬೇಡ."

ಕಣ್ಣು ಕಿರಿದು ಮಾಡಿ ನೋಡಿದೆ. ಒಂದು ದೀಪ ಮಳೆಹುಳದ ಹಾಗೆ ಚಡಪಡಿಸುತ್ತಿತ್ತು. ಇನ್ನೊಂದು ನಿದ್ದೆ ಮಾಡುವವರ ಎದೆಯ ಹಾಗೆ ಏರಿ ಇಳಿಯುತ್ತಿತ್ತು.

"ಗೋಡೆ ಪಕ್ಕದ್ದು."

"ನಿಲ್ಲಿಸ್ತೀನಿ. ನಿಂತಿತಾ?"

"ನಿಂತು."

"ಇನ್ನೊಂದ್ಸಲ. ಈಗ?"

"ಅದೇ, ಗೋಡೆ ಪಕ್ಕದ್ದೇ." ಸೊಂಟದ ಚೀಲದಲ್ಲಿ ಎಲೆಗೆ ಹಚ್ಚುವ ಸುಣ್ಣ ಇತ್ತು. ಆ ತೂತಿನ ಮೇಲೆ ಒಂದು ಬೊಟ್ಟಿಟ್ಟೆ. ಟೂ ಅನ್ನುವುದನ್ನು ಮಿಣುಕಿಸಿದಳು, ಅದು ಮಗ್ಗುಲಿನದು. ಹೆಸರುಗಳು ಇದ್ದ ಜಾಗದಲ್ಲೇ ಇದ್ದವು. ಹೊಸ ಕಾರ್ಡು ಅವನ್ನು ಅಲುಗಿಸಿರಲಿಲ್ಲ.

"ಮಾವಾ, ಈಗ ಸಣ್ಣ ಕೋಣೆಗೆ ಹೋಗಿ. ಪೆಟ್ಟಿಗೆ ಕಡೆಯಿಂದ ಕೇಬಲ್ ಕಿತ್ತು ಕೂಗಿ. ಕರೆಂಟಿನ ವೈರಲ್ಲ, ಕೇಬಲ್!"

"ಅಷ್ಟು ದಡ್ಡನೇನಮ್ಮ ನಾನು" ಎನ್ನುತ್ತಾ ಹೋದ. ಸ್ವಲ್ಪ ಹೊತ್ತಿಗೆ ಕೂಗು ಬಂತು. "ಕಿತ್ತೆ!"

ಮಾಲಾ ಪರದೆ ನೋಡಿದಳು. "ಟೂ ಬಿತ್ತು, ಲೈನು ಕಡಿದೈತೆ ಅಂತೈತೆ" ಎಂದಳು. "ಚುಚ್ಚಿ ಮಾವಾ!" ಎಂದು ಕೂಗಿದಳು. ಟೂ ಎದ್ದಿತು. ಮತ್ತೆ ಕೀಳಿಸಿದಳು. ಮತ್ತೆ ಟೂ ಬಿತ್ತು. ಸಣ್ಣ ಕೋಣೆಯ ಕೇಬಲ್ಲು ದೊಡ್ಡ ಕೋಣೆಯ ತೂತಿನಲ್ಲಿ ಕೂತಿತ್ತು. ಪರದೆ ಸುಳ್ಳು ಹೇಳಿರಲಿಲ್ಲ. ಒಂದು ಕೋಣೆಯ ಸತ್ಯವನ್ನು ಇನ್ನೊಂದರ ಹೆಸರಲ್ಲಿ ಹೇಳುತ್ತಿತ್ತು.

ಆಗ ಎದ್ದು ಬಂದು ಎರಡನ್ನೂ ಕಿತ್ತು ಬದಲಿಸಿದಳು. ಆತುರಕ್ಕೆ ಪಿನ್ನು ಕೂರಲಿಲ್ಲ, ನಾನು ಕೇಬಲ್ಲು ನೆಟ್ಟಗೆ ಹಿಡಿದುಕೊಟ್ಟೆ. ಟಕ್ ಎಂದು ಕೂತಿತು. ಸಣ್ಣ ಕೋಣೆಯಿಂದ ಗಂಗುಲಪ್ಪ, "ಮಂಜು ನಿಂತು ಕಣಮ್ಮೋ!" ಎಂದು ಕೂಗಿದ. ದೊಡ್ಡ ಕೋಣೆಯ ಪೆಟ್ಟಿಗೆ ಬುಸ್ಸೆಂದಿತು.

ಗೊತ್ತಾಗಿದ್ದು ಅಷ್ಟೇ. ಮಲಗಿದ ಹುಳು ಏಳುತ್ತವೋ ಇಲ್ಲವೋ ಎಂದು ಹೇಳಲು ಅಲ್ಲಿ ಯಾವ ದೀಪವೂ ಇರಲಿಲ್ಲ.

ನೆನೆದ ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಉದುರಿಸಲು ನಿಂತೆವು. ತೆಳು ಬಟ್ಟೆಯಲ್ಲಿ ಕಟ್ಟಿ, ಮೆಲ್ಲಗೆ ತಟ್ಟುತ್ತಾ, ಟ್ರೇ ಮೇಲೆ ಟ್ರೇ. ಜ್ವರದ ಹುಳುವಿನ ಹತ್ತಿರ ನಾವು ಜೋರಾಗಿ ಮಾತಾಡುವುದಿಲ್ಲ. ಮಾಲಾ ಬಾಗಿಲಲ್ಲಿ ನಿಂತು ದಾರಗಳನ್ನೇ ನೆನೆಯುತ್ತಿದ್ದಳು. "ಅಪ್ಪ ಹೇಳಿದ್ದು ತಲೇಲಿ ಇಟ್ಕೊಂಡೂ ಹಂಗೆ ಮಾಡ್ಬಿಟ್ನಲ್ಲ" ಎಂದು ಪಿಸುಗುಟ್ಟಿದಳು. ಅವಳು ಕೆಲಸ ಬಿಡುವ ಮಾತಾಡುವಳೆಂದು ನನಗೆ ಅನಿಸಿತು. ಆ ಮಾತು ಅವಳ ಬಾಯಂಚಿನಲ್ಲೇ ಇತ್ತು.

ಅಂದು ಶುಕ್ರವಾರ. ವೆಂಕಟರತ್ನಮ್ಮ ಕೆನ್ನೆ ತುಂಬ ಅರಿಶಿನ ಹಚ್ಚಿ ಮಿಂದು ಬಂದಿದ್ದಳು. ಸುಣ್ಣದ ಕೈಯಲ್ಲಿ ಬೆವರು ಒರೆಸಿಕೊಂಡಳು. ತಲೆ ಎತ್ತಿದಾಗ ಅವಳ ಕೆನ್ನೆಯ ಮೇಲೆ ಬೆರಳಿನ ಗುರುತು ಕೆಂಪಗೆ ಮೂಡಿತ್ತು.

ನಾನು ಕೈ ನಿಲ್ಲಿಸಿದೆ. ಮಾಲಾ ಕೂಡ ನೋಡುತ್ತಿದ್ದಳು.

"ರತ್ನಮ್ಮಕ್ಕಾ" ಎಂದಳು ಮೆಲ್ಲಗೆ, "ನೀವು ಕೇಬಲ್ ಬಿಚ್ಚಿದಾಗ ದಾರ ಏನು ಬಣ್ಣ ಇತ್ತು?"

"ಒಂದು ಹಳದಿ, ಒಂದು ಕೆಂಪು. ಒರೆಸಿ ಒಣಗಾಕಿ ತಗೊಂಡೆ, ಎರಡೂ ಕೆಂಪು. ನನ್ನ ಕಣ್ಣೇ ಮಂಜು ಅನ್ಕಂಡು ಹಂಗೇ ಚುಚ್ದೆ ಕಣಮ್ಮ. ಯಾಕೆ, ಏಮಾಯ್ತು?"

ಆರತಿ ನೀರು ಕಲಸಿದ ಹೆಂಗಸರು ನಾವು. ಅರಿಶಿನಕ್ಕೆ ಸುಣ್ಣ ತಾಕಿದರೆ ಕೆಂಪಾಗುತ್ತದೆ ಎಂಬುದು ಹುಟ್ಟಿದಾಗಿನಿಂದ ಗೊತ್ತು. ಗುರುತು ಕಟ್ಟುವಾಗಲೂ ತೊಳೆಯುವಾಗಲೂ ಯಾರಿಗೂ ಅದು ನೆನಪಾಗಿರಲಿಲ್ಲ. ಮಾಲಾ ಬಾಯಿಗೆ ಸೆರಗು ಒತ್ತಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ವೆಂಕಟರತ್ನಮ್ಮನ ಕೆನ್ನೆಯನ್ನು ಸೆರಗಿನ ತುದಿಯಿಂದ ಒರೆಸಿದಳು. ಬೈಯಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಮಾಲಾ ಸಣ್ಣ ಕೋಣೆಯ ಬಾಗಿಲಲ್ಲೇ ಇದ್ದಳು, ಒಳಗೆ ಹೋಗಿರಲಿಲ್ಲ. "ನೀವು ನೋಡಿ ದೊಡ್ಡಮ್ಮ, ನನ್ ಕೈಲಿ ಆಗಲ್ಲ." ನಾನು ಕಾಲು ತೊಳೆದು ಒಳಗೆ ಹೋದೆ. ಒಂದು ಟ್ರೇಯ ಮೇಲೆ ಬಗ್ಗಿ ಮೆಲ್ಲಗೆ ಊದಿದೆ. ತಲೆಗಳು ಅಲುಗಿದವು. ಪೊರೆ ಬಿಟ್ಟ ಹೊಸ ತಲೆಗಳು, ಮೇವಿಗೆ ಆಚೀಚೆ ಹುಡುಕುವ ತಲೆಗಳು. ಪಕ್ಕದ್ದನ್ನು ಊದಿದೆ, ಅದರ ಪಕ್ಕದ್ದನ್ನೂ ಊದಿದೆ. ಮಂಜಿನ ಬಾಯಿಗೆ ನೇರ ಇದ್ದ ಟ್ರೇಗಳು ಮಾತ್ರ ಏಳಲಿಲ್ಲ. ಅವುಗಳ ಹುಳು ಕಪ್ಪಗಾಗಿದ್ದವು. ಗಂಗುಲಪ್ಪ ಅವನ್ನು ತೋಟದಾಚೆ ಗುಂಡಿ ತೋಡಿ ಸುಣ್ಣ ಹಾಕಿ ಹೂತ.

"ಎದ್ದವು ಕಣೇ ಮಾಲಾ. ಸೊಪ್ಪು ತಾ."

ಅವಳು ಸೊಪ್ಪಿನ ಬುಟ್ಟಿ ತಂದಳು. ಆದರೆ ಹೂತವುಗಳು ಎಷ್ಟು ಟ್ರೇ ಎಂದು ಅದೇ ದಿನ ಜಯರಾಮಪ್ಪನವರಿಗೆ ತಾನೇ ಫೋನು ಮಾಡಿ ಹೇಳಿದಳು. ಅವರು ಗದರಿದ್ದು ನನಗೂ ಕೇಳಿಸಿತು. ಉಳಿದ ಹುಳುಗಳನ್ನು ರೈತರ ಕೈಗೆ ಕೊಡುವ ತನಕ ಅವಳು ನೆಟ್ಟಗೆ ಉಣ್ಣಲಿಲ್ಲ.

ಆಮೇಲಿನ ಬುಧವಾರ ಚಿಂತಾಮಣಿಯಿಂದ ಮಕ್ಕಳ ಗಾಜಿನ ಬಳೆ ತಂದಳು. ಹಸಿರೊಂದು ಸಣ್ಣ ಕೋಣೆಗೆ, ಕೆಂಪೊಂದು ದೊಡ್ಡದಕ್ಕೆ, ಕಪ್ಪು ಹೊರಗಿನ ಲೈನಿಗೆ. ಕೇಬಲ್ಲಿನ ಮೂತಿ ತೂರಿಸಿ ಬಳೆ ತೊಡಿಸಿದಳು. ಮೊದಲು ಮೂರನ್ನೂ ಸುಣ್ಣದ ನೀರಿನ ಬಕೆಟ್ಟಿನಲ್ಲಿ ಅದ್ದಿಟ್ಟು, ಮಧ್ಯಾಹ್ನದ ತನಕ ಕಾದು, ಬಣ್ಣ ಹೋಗಲಿಲ್ಲ ಎಂದು ನನಗೂ ಗಂಗುಲಪ್ಪನಿಗೂ ತೋರಿಸಿದ ಮೇಲೆಯೇ ತೊಡಿಸಿದ್ದು.

ಈಗ ಹುಳು ಜ್ವರಕ್ಕೆ ಹೋಗುವ ಬೆಳಿಗ್ಗೆ ಅವಳು ನನ್ನನ್ನು ಕರೆಯುತ್ತಾಳೆ. ನಾನು ಸರ್ವರಿನ ಹಿಂದೆ ಮೊಣಕಾಲೂರಿ ಕೂರುತ್ತೇನೆ.

"ಯಾವುದು ದೊಡ್ಡಮ್ಮ?"

"ಗೋಡೆ ಪಕ್ಕದ್ದು. ಹಸಿರು ಬಳೆ."

"ಇನ್ನೊಂದ್ಸಲ ನೋಡಿ."

ನಾನು ಇನ್ನೊಂದು ಸಲ ನೋಡುತ್ತೇನೆ.