ಹೂವಿನ ಪಾತಿಗೆ ಸಂಕದ ಹಲಗೆ

ಕೊಲ್ಲಮೊಗ್ರಿನಲ್ಲಿ ಹೊಳೆ ದಾಟುವ ಕಾಲುಸಂಕದ ಹಲಗೆಗಳನ್ನು ಕದ್ದದ್ದು ದಾಮೋದರನಲ್ಲ — ನಾನು. ಪುತ್ತೂರು ದರ್ಬೆಯ ನನ್ನ ಮನೆಯಂಗಳದಲ್ಲಿ ಹೂವಿನ ಪಾತಿಗಳ ಸುತ್ತ ಅಂಚಾಗಿ ನಿಂತಿರುವುದು ಅವೇ ಹಲಗೆಗಳು. ಇದನ್ನು ಯಾರ ಕಿವಿಗೆ ಮೊದಲು ಹಾಕಬೇಕಿತ್ತೋ ಅವರು ತೀರಿಕೊಂಡ ಮೇಲೆ ಬಾಯಿ ಬಿಡುತ್ತಿದ್ದೇನೆ.

ಹಳೆಯ ಮರದ ಹುಚ್ಚು ನನಗೆ ಹೇಗೆ ಹಿಡಿಯಿತೋ. ಸಿಮೆಂಟಿನ ಅಂಚು ಚರಂಡಿಯ ಹಾಗೆ ಕಾಣುತ್ತದೆಂದು ಮೊದಲ ಪಾತಿಗೆ ಹಳೆಯ ಮನೆಯೊಂದರ ಛಾವಣಿಯ ಪಕ್ಕಾಸುಗಳನ್ನು ಇಟ್ಟು ನೋಡಿದೆ. ಚಂದ ಕಂಡಿತು. ಆಮೇಲೆ ಎಲ್ಲಿ ಮನೆ ಕೆಡವುತ್ತಾರೆಂದು ಕೇಳಿದರೂ ಓಡುತ್ತಿದ್ದೆ. ಮೊಳೆ ಕೀಳಿಸಿ, ಗೆದ್ದಲು ಹಿಡಿದ ತುದಿ ಕೊಯ್ಯಿಸಿ, ನೀರು ನಿಲ್ಲದಂತೆ ಅಡಿಗೆ ಜಲ್ಲಿ ಹಾಕಿ ಮರವನ್ನು ನಿಲ್ಲಿಸುತ್ತಿದ್ದೆ. ಬಂದವರು ಹೊಗಳುತ್ತಿದ್ದರು. ‘ಬಿಸಾಡಿದ ಮರಕ್ಕೆ ಮರುಜೀವ ಕೊಡುತ್ತೇನೆ’ ಎಂದು ನಾನೂ ಹೇಳಿಕೊಳ್ಳುತ್ತಿದ್ದೆ. ಬಿಸಾಡಿದ ಮರ...

ಕಾಲೇಜಿನ ಗೆಳತಿ ಲೀಲಾಳ ಮನೆ ಕೊಲ್ಲಮೊಗ್ರಿನಲ್ಲಿ, ಹೊಳೆಯ ಆಚೆ ಬದಿ. ಒಂದು ಬೇಸಿಗೆ ಊಟಕ್ಕೆ ಕರೆದಿದ್ದಳು. ನೀರಿಲ್ಲದ ಹೊಳೆಯಲ್ಲಿ ಕಲ್ಲು ಮೆಟ್ಟಿ ದಾಟುವಾಗ ನೋಡಿದೆ — ಸಂಕವಿಲ್ಲ, ಬರೀ ಕಂಬಗಳು. ಹಲಗೆಗಳನ್ನು ಬಿಚ್ಚಿ ಈಚೆ ಬದಿಯಲ್ಲಿ, ದಾಮೋದರನ ಜಾಗದ ಹಲಸಿನ ಮರದಡಿ ಒಟ್ಟಿದ್ದರು. ಮಳೆ, ಬಿಸಿಲು, ಊರಿನವರ ಪಾದ ಎಲ್ಲ ಸೇರಿ ಉಜ್ಜಿದ ಮರ. ಅಂಥ ಬಣ್ಣ ನಾನು ಎಲ್ಲಿಯೂ ಕಂಡಿರಲಿಲ್ಲ.

“ಒಂದು ಕಂಬ ಹಾಳಾಗಿದೆ ಮಾರಾಯ್ತಿ, ಅದಕ್ಕೆ ಬಿಚ್ಚಿದ್ದು. ಮಳೆಗೆ ಮುಂಚೆ ಪುನಃ ಹಾಕುದು,” ಎಂದಳು ಲೀಲಾ. ಆ ಹಲಗೆಗಳನ್ನು ಕೊಯ್ದು ಸಂಕ ಕಟ್ಟಿದವರು ದಾಮೋದರನ ಅಪ್ಪ ಕುಶಾಲಪ್ಪಜ್ಜ ಎಂದೂ ಅವಳೇ ಹೇಳಿದಳು. ಅಂದರೆ ನನಗೆ ಎಲ್ಲ ಗೊತ್ತಿತ್ತು. ಗೊತ್ತಿರಲಿಲ್ಲ ಎನ್ನುವ ಒಂದು ಸುಳ್ಳಾದರೂ ನನಗೆ ಉಳಿದಿಲ್ಲ.

ಮುಂದಿನ ವಾರ ಅದೇ ದಾರಿಯಲ್ಲಿ ಪಿಕಪ್ ಗಾಡಿ ಬಾಡಿಗೆಗೆ ಮಾಡಿಕೊಂಡು ಹೋಗಿದ್ದೆ, ಕೆಡವಿದ ಮನೆಯೊಂದರ ಪಕ್ಕಾಸು ತರಲು. ಊರಿನವರೆಲ್ಲ ಪಂಜಕ್ಕೆ ಒಂದು ಮದುವೆಗೆ ಹೋಗಿದ್ದರು. ದಾಮೋದರನ ಮನೆಗೂ ಬೀಗ. ಹಲಸಿನ ಮರದ ಹತ್ತಿರ ಗಾಡಿ ನಿಲ್ಲಿಸಲು ಹೇಳಿದೆ.

“ಇದು ಯಾರದ್ದಕ್ಕಾ?” ಎಂದ ಡ್ರೈವರ್.

“ಕೇಳಿ ಆಗಿದೆ. ಹಾಕಿ.”

ಇಷ್ಟೇ ಮಾತು. ಹೊಸ ಸೇತುವೆ ಹೇಗೂ ಬರುತ್ತದೆ, ಇವರು ಬೇರೆ ಹಲಗೆ ಹೊಂದಿಸಿಕೊಳ್ಳುತ್ತಾರೆ — ದಾರಿಯುದ್ದಕ್ಕೂ ಹೀಗೆ ನನಗೆ ನಾನೇ ಏನೇನೋ ಹೇಳಿಕೊಂಡೆ. ಪುತ್ತೂರು ಬರುವಷ್ಟರಲ್ಲಿ ಯಾವ ಹಲಗೆ ಯಾವ ಪಾತಿಗೆ ಎಂದು ಯೋಚಿಸುತ್ತಿದ್ದೆ.

ಮಳೆ ಹಿಡಿದ ಮೇಲೆ ಲೀಲಾ ಫೋನ್ ಮಾಡಿದಳು. “ಸಂಕದ ಹಲಗೆ ದಾಮೋದರ ಮಾರಿದ್ದು ಮಾರಾಯ್ತಿ. ಅವನ ಜಾಗದಲ್ಲೇ ಇತ್ತಲ್ಲ, ಮತ್ತೆ ಯಾರು ತೆಗೀತಾರೆ? ಮಕ್ಕಳು ಈಗ ಸುತ್ತು ಹಾಕಿ ಶಾಲೆಗೆ ಹೋಗುದು. ಕುಶಾಲಪ್ಪಜ್ಜ ಮಗನ ಹತ್ತಿರ ಮಾತೇ ಬಿಟ್ಟಿದ್ದಾರೆ.”

ಆಗಲಾದರೂ — ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದು ಬೇರೆ. “ಈಗಿನ ಕಾಲದಲ್ಲಿ ಯಾರನ್ನು ನಂಬುದು ಹೇಳು?”

ಸುಮ್ಮನಿದ್ದರೆ ಅದು ಹೇಡಿತನ ಮಾತ್ರ ಆಗುತ್ತಿತ್ತು. ನಾನು ಸುಮ್ಮನಿರಲಿಲ್ಲ; ಅವನ ಮೇಲೆ ಬಿದ್ದ ಕಲ್ಲುಗಳಿಗೆ ನನ್ನದೂ ಒಂದನ್ನು ಸೇರಿಸಿದೆ.

ಮಗ ತಂದ ಅಕ್ಕಿಯ ಅನ್ನವನ್ನು ಅಜ್ಜ ಮುಟ್ಟಲಿಲ್ಲವಂತೆ. ಬೇರೆ ಒಲೆ ಹೂಡಿದರಂತೆ. ದಾಮೋದರ ಹೆಂಡತಿಯನ್ನು ಕರೆದುಕೊಂಡು ಕಡಬಕ್ಕೆ ಹೋಗಿ ರಬ್ಬರ್ ಟ್ಯಾಪಿಂಗ್ ಕೆಲಸಕ್ಕೆ ಸೇರಿದ. ಎಲ್ಲವೂ ಲೀಲಾಳ ಬಾಯಿಂದಲೇ ನನಗೆ ತಿಳಿಯುತ್ತಿತ್ತು. ಒಮ್ಮೆ ಅವಳು ನಮ್ಮ ಮನೆಗೇ ಬಂದಳು. ಬಾಗಿ ಪಾತಿಯ ಅಂಚನ್ನು ಸವರಿ, “ಎಷ್ಟು ಚಂದದ ಮರ! ಎಲ್ಲಿ ಸಿಕ್ಕಿತು?” ಎಂದಳು. ಯಾರಿಗೂ ತಿಳಿಯಬಾರದೆಂದು ನಾನು ಅದರ ಮೇಲ್ಪದರವನ್ನು ಕೀಸುಳಿಯಿಂದ ಕೆರೆಸಿ, ಎಣ್ಣೆ ಬಳಿಸಿದ್ದೆ. ದಿನವೂ ತುಳಿದು ನಡೆದ ಹಲಗೆಯ ಗುರುತು ಅವಳಿಗೆ ಸಿಗಲಿಲ್ಲ.

“ಒಂದು ಹಳೇ ಮನೆಯದ್ದು,” ಎಂದೆ.

ಕಳೆದ ವರ್ಷ ಕುಶಾಲಪ್ಪಜ್ಜ ಹೋದರು. ಕೊನೆಯವರೆಗೂ ಮಗನನ್ನು ಕರೆಯಲಿಲ್ಲ. ಸುದ್ದಿ ಕೇಳಿದ ಮೇಲೆ ನನಗೆ ಅಂಗಳಕ್ಕೆ ಇಳಿಯಲಾಗಲಿಲ್ಲ. ಕಡಬಕ್ಕೆ ಹೋದೆ. ದಾಮೋದರ ರಬ್ಬರ್ ಶೀಟು ಒಣಗಿಸುತ್ತಿದ್ದ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಬೈಯುತ್ತಾನೆಂದು, ಹೊಡೆದರೂ ಹೊಡೆದಾನೆಂದು ಕಾದೆ. ಅವನು ಕೈಯಲ್ಲಿದ್ದ ಶೀಟನ್ನು ಹಗ್ಗಕ್ಕೆ ಹಾಕಿ, ಮಡಿಕೆ ಬಿಡಿಸಿ, ಆಮೇಲೆ ಮಾತಾಡಿದ.

“ನನ್ನ ಹತ್ತಿರ ಎಂತಕ್ಕೆ ಹೇಳುದು ಅಕ್ಕಾ? ನಾನು ತೆಗೀಲಿಲ್ಲ ಅಂತ ನನಗೆ ಗೊತ್ತುಂಟಲ್ಲ. ಅಪ್ಪನ ಹತ್ತಿರ ಹೇಳ್ಬೇಕಿತ್ತು. ಇನ್ನು ಹೇಳುದಾದ್ರೆ ಆ ಊರಿನವರ ಹತ್ತಿರ ಹೋಗಿ ಹೇಳಿ.”

ಹೋದೆ. ಲೀಲಾಳ ಅಂಗಳದಲ್ಲಿ ಅಕ್ಕಪಕ್ಕದ ಹಿರಿಯರನ್ನೂ ಕರೆಸಿ ಹೇಳಿದೆ. ಲೀಲಾ ನನ್ನ ಮುಖ ನೋಡಿ ಒಳಗೆ ಹೋದವಳು ಹೊರಗೆ ಬರಲಿಲ್ಲ. ಹಿರಿಯರಲ್ಲಿ ಒಬ್ಬರು, “ಹೋಗ್ಲಿ ಬಿಡಿ ಅಮ್ಮ. ನೀವಾದ ಕಾರಣ ಬಂದು ಹೇಳಿದ್ರಿ. ದೊಡ್ಡ ಮನಸ್ಸು. ಈಗ ಕಾಂಕ್ರೀಟ್ ಸಂಕ ಆಗಿದೆಯಲ್ಲ,” ಎಂದರು. ಉಳಿದವರು ತಲೆಯಾಡಿಸಿದರು.

ಮಾಡದ ತಪ್ಪಿಗೆ ಆ ಊರು ದಾಮೋದರನನ್ನು ಇಷ್ಟು ವರ್ಷ ಕ್ಷಮಿಸಿರಲಿಲ್ಲ. ಮಾಡಿದ ತಪ್ಪಿಗೆ ನನ್ನನ್ನು ನಿಂತ ನಿಲುವಿನಲ್ಲೇ ಕ್ಷಮಿಸಿಬಿಟ್ಟಿತು. ಅವನನ್ನು ಒಮ್ಮೆ ಕರೆಸಬೇಕು, ತಪ್ಪಾಯಿತೆಂದು ಅವನ ಹತ್ತಿರ ಒಂದು ಮಾತು ಹೇಳಬೇಕು ಎಂದು ಅಲ್ಲಿ ಯಾರೂ ಅನ್ನಲಿಲ್ಲ. ಅದನ್ನು ನಾನಾದರೂ ಕೇಳಬೇಕಿತ್ತು. ಲೀಲಾಳ ಅತ್ತೆ ಪುನರ್ಪುಳಿ ಶರಬತ್ತು ತಂದು ಕೈಗಿತ್ತರು. ಬಿಸಿಲಿನಲ್ಲಿ ಬಂದಿದ್ದೀರಿ, ಕುಡಿಯಿರಿ ಎಂದರು.

ಕುಡಿದೆ.