ಮೇಜಿಗೆ ಬಾರದ ವೀರಮ್ಮ

ನಮ್ಮತ್ತೆ ವೀರಮ್ಮನವರ ಹಟದ ಮುಂದೆ ಭದ್ರಾವತಿಯ ಉಕ್ಕೂ ಮೆತ್ತಗೆ. ಮಾವ ಜಂಬಣ್ಣನವರು ಕಾರ್ಖಾನೆಯಲ್ಲಿದ್ದಷ್ಟು ಕಾಲ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ, ಈಗ ದುರ್ಗಿಗುಡಿಯ ಮನೆಯಲ್ಲಿ, ಅತ್ತೆಯದು ಒಂದೇ ಕ್ರಮ: ಎಲ್ಲರಿಗೂ ಬಡಿಸಿ, ಎಲ್ಲರೂ ಕೈ ತೊಳೆದ ಮೇಲೆ ಅಡುಗೆಮನೆಯ ನೆಲದಲ್ಲಿ ಕೂತು ಉಣ್ಣುವುದು.

ಹೋದ ವರ್ಷ ಅವರಿಗೆ ಮಂಡಿ ಆಪರೇಷನ್ ಆಯಿತು. ನೆಲದ ಮೇಲೆ ಕೂರಲೇಬಾರದು ಎಂದರು ಡಾಕ್ಟರು. ಮೇಜಿತ್ತಲ್ಲ, ಕೂತರಾಯಿತು. ಊಹುಂ! ಗಂಡನ ಎದುರು ಕುರ್ಚಿ ಹಾಕಿಕೊಂಡು ಉಣ್ಣುವುದುಂಟೇ? ಅಡುಗೆ ಕಟ್ಟೆಗೆ ಒರಗಿ ನಿಂತು ಎರಡು ತುತ್ತು ನುಂಗಿದರೆ ಅವರ ಊಟ ಮುಗಿಯಿತು. ದಿನೇ ದಿನೇ ಸೊರಗಿದರು. ಹೊಟ್ಟೆಗೆ ಬೀಳದಿದ್ದರೆ ಕಾಲಿಗೆ ಬಲ ಬರುವುದಿಲ್ಲ, ಹಾಸಿಗೆಯೇ ಗತಿ ಎಂದು ಡಾಕ್ಟರು ಗದರಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ನನಗೆ ಸಿಟ್ಟು, ಅದಕ್ಕಿಂತ ಹೆಚ್ಚು ಹೆದರಿಕೆ.

ನಾನು ಮನೆಯಿಂದಲೇ ಆನ್‌ಲೈನಿನಲ್ಲಿ ಸ್ಪ್ಯಾನಿಷ್ ಕಲಿಸುವವಳು. ಒಂದು ಶನಿವಾರ ಬೀನ್ಸ್ ಬಿಡಿಸುತ್ತಾ ನನ್ನ ಪಾಠವನ್ನೇ ಅತ್ತೆಗೆ ಒಪ್ಪಿಸಿದೆ. ಲ್ಯಾಟಿನ್ನಿನ ‘ಮೆನ್ಸಾ’ ಎಂಬ ಒಂದೇ ತಾಯಿಯ ಮಕ್ಕಳು ಊರೂರಿಗೆ ಹೋಗಿ ಬೇರೆಯಾದ ಕಥೆ. ಸ್ಪೇನಿನಲ್ಲಿ ‘ಮೆಸಾ’ ಅಂದರೆ ಮೇಜು. ಇಟಲಿಯಲ್ಲಿ ‘ಮೆನ್ಸಾ’ ಅಂದರೆ ಕ್ಯಾಂಟೀನು. ರೊಮೇನಿಯಾದ ‘ಮಾಸ’ ಮೇಜೂ ಹೌದು, ಊಟವೂ ಹೌದು. ನಮ್ಮ ಮೇಜು ಪೋರ್ಚುಗೀಸರಿಂದ ಬಂತೋ ಪಾರಸಿಯಿಂದ ಬಂತೋ, ಪಂಡಿತರ ಜಗಳ ಇನ್ನೂ ಮುಗಿದಿಲ್ಲ.

“ನೋಡಿ ಅತ್ತೆ, ರೊಮೇನಿಯಾದಲ್ಲಿ ಮೇಜಿಗೆ ಬನ್ನಿ ಅಂದ್ರೆ ಊಟಕ್ಕೆ ಬನ್ನಿ ಅಂತಾನೇ ಅರ್ಥ.”

ಅತ್ತೆ ನಾರು ತೆಗೆಯುತ್ತಲೇ ಇದ್ದರು. “ಎಲ್ಲಾ ಸರಿ ಶಾಂಭವಿ, ಅಲ್ಲಿ ಬಡಿಸೋರು ಯಾವಾಗ ಉಣ್ತಾರೆ ಮಾರಾಯ್ತಿ?”

ಪಡಸಾಲೆಯಲ್ಲಿದ್ದ ಮಾವ ಓದುತ್ತಿದ್ದ ಪೇಪರು ಮಡಚಿ ಇತ್ತ ನೋಡಿದರು.

ಮರುದಿನ ಮಧ್ಯಾಹ್ನ ಮಾವ ಎಂದಿನಂತೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಚುಚ್ಚಿಕೊಂಡು ಮೇಜಿಗೆ ಬಂದರು. ಅತ್ತೆ ಬಡಿಸಿದ ತಟ್ಟೆಯನ್ನು ಮಾತ್ರ ಮುಟ್ಟಲಿಲ್ಲ.

“ನೀನೂ ಬಂದು ಕೂತ್ಕೋ. ಅಲ್ಲೀವರೆಗೂ ನಾನು ಉಣ್ಣಲ್ಲ.”

“ಅಯ್ಯೋ ಶಿವನೇ! ಸೂಜಿ ಚುಚ್ಕೊಂಡು ಉಣ್ಣದೇ ಇದ್ರೆ ತಲೆ ಸುತ್ತಿ ಬೀಳ್ತೀರಿ ಕಣ್ರೀ!”

“ಬೀಳ್ತೀನಿ, ಬಿಡು.”

ನಾನು ಕುರ್ಚಿ ಎಳೆದೆ. ವಯಸ್ಸಾದ ಮೇಲೆ ಈ ಮನುಷ್ಯನಿಗೆ ಬುದ್ಧಿ ಕೆಟ್ಟಿದೆ ಎಂದು ಬೈಯುತ್ತಲೇ ಅತ್ತೆ ಕೂತರು. ಮಾವ ತಾವೇ ಕೈಚಾಚಿ ಅವರ ತಟ್ಟೆಗೆ ಅನ್ನ ಹಾಕಿ, ಸಾರು ಬಿಟ್ಟರು. ಒಂದೆರಡು ಅಗುಳು ಅತ್ತಿತ್ತ ಚೆಲ್ಲಿದವು. ಅತ್ತೆ ತುತ್ತು ಬಾಯಿಗಿಟ್ಟವರೇ ಥಟ್ಟನೆ ಉಸಿರೆಳೆದುಕೊಂಡರು.

“ಏನಾಯ್ತೇ?” ಮಾವನಿಗೆ ಗಾಬರಿ.

“ಏನಿಲ್ಲ ಕಣ್ರೀ. ನಮ್ಮನೆ ಸಾರು ಇಷ್ಟು ಬಿಸಿ ಇರುತ್ತಾ?”