ಒಳಗೆ ಬಿಟ್ಟ ಎರಡಿಂಚು ಬಟ್ಟೆ

ಶಿರಸಿಯಲ್ಲಿ ಬ್ಲೌಸ್ ಹೊಲಿಯುತ್ತ ನನ್ನ ಅರ್ಧ ಆಯುಷ್ಯ ಕಳೆಯಿತು. ಇಷ್ಟು ವರ್ಷಗಳಲ್ಲಿ ಒಬ್ಬಳೇ ಒಬ್ಬ ಹೆಂಗಸು ಬಂದು, ಒಳಗೆ ಬಟ್ಟೆ ಬಿಡಬೇಡಿ ಎಂದು ಹೇಳಿದ್ದು ನನಗೆ ನೆನಪಿಲ್ಲ. ಮದುವೆ ಗೊತ್ತಾದ ಹುಡುಗಿಯಿಂದ ಹಿಡಿದು ಮೊಮ್ಮಗಳ ನಾಮಕರಣಕ್ಕೆ ಹೊಲಿಸುವ ಅಜ್ಜಿಯವರೆಗೆ, ಅಳತೆ ಕೊಟ್ಟು ಬಾಗಿಲ ತನಕ ಹೋದವರು ತಿರುಗಿ ಬಂದು ಹೇಳುವುದು ಅದೊಂದೇ ಮಾತು: "ಅಕ್ಕಾ, ಒಳಗೆ ಎರಡಿಂಚು ಇರಲಿ, ಹಾಂ?" ಮುಂದೆ ಮೈ ಬಂದರೆ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಕೊಳ್ಳಲು. ಮೈ ಬರುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ನಾನೇನೂ ಕೇಳುವುದಿಲ್ಲ, ಬಿಡುತ್ತೇನೆ.

ನನ್ನ ಬ್ಲೌಸಿಗೂ ಬಿಡುತ್ತಿದ್ದೆ. ಆ ಎರಡಿಂಚೂ ಬಿಚ್ಚಿ ಆಯಿತು, ಕಂಕುಳ ಕೆಳಗೆ ಬೇರೆ ತುಂಡು ಜೋಡಿಸಿ ಆಯಿತು, ಕೊನೆಗೆ ಹಳೆಯ ಬ್ಲೌಸುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಅಟ್ಟಕ್ಕೆ ಎಸೆದೂ ಆಯಿತು. ಊರಿನ ಹೆಂಗಸರಿಗೆಲ್ಲ ಮೈಗೊಪ್ಪುವಂತೆ ಹೊಲಿದು ಕೊಡುವವಳು ಸ್ವಂತಕ್ಕೆ ನೈಟಿಯ ಮೇಲೆ ಟವೆಲ್ ಹೊದ್ದು ಓಡಾಡುವುದೆಂದರೆ ಏನು ಹೇಳಲಿ? ನಗುವವರು ನಕ್ಕರು. ನಗಲಿ ಬಿಡಿ, ಅವರ ಸೊಂಟದ ಅಳತೆಯೂ ನನಗೆ ಗೊತ್ತಿದೆ.

ನಗುವಿಗೆ ನಾನು ಹೆದರಲಿಲ್ಲ. ನಾನು ಹೆದರಿದ್ದು ಮೆಟ್ಟಿಲಿಗೆ. ಪೇಟೆಯಲ್ಲಿರುವ ನಮ್ಮ ಕಟ್ಟಡ ಮಾವನವರು ಕಟ್ಟಿಸಿದ್ದು. ಕೆಳಗೆ ಜವಳಿ ಅಂಗಡಿ. ಅದನ್ನು ನಡೆಸುವವರು ನನ್ನ ಗಂಡ ಮತ್ತು ಅವರ ಅಣ್ಣ, ಅಂದರೆ ನಮ್ಮ ಬಾವ. ಮೇಲಿನದು ನನ್ನ ಹೊಲಿಗೆ ಅಂಗಡಿ. ಎಕ್ಕಂಬಿಯ ತವರಿನಿಂದ ಮದುವೆಯಾಗಿ ಬಂದ ಮೇಲೆ ಹಟ ಹಿಡಿದು, ಗೋದಾಮಾಗಿದ್ದ ಆ ಕೋಣೆಯನ್ನು ನಾನೇ ಗುಡಿಸಿ, ನಾನೇ ಸುಣ್ಣ ಬಳಿದು ಮಾಡಿಕೊಂಡದ್ದು. ಮಾವನವರು ಮೆಟ್ಟಿಲು ಕಟ್ಟಿಸುವಾಗ ಜಾಗ ಉಳಿಸಲು ಹೋಗಿ ಏಣಿಯಷ್ಟು ಕಡಿದಾಗಿ ಮಾಡಿಸಿದ್ದಾರೆ. ವಯಸ್ಸಿದ್ದಾಗ ಹಾರಿಕೊಂಡು ಹತ್ತುತ್ತಿದ್ದೆ. ಆಮೇಲೆ ಮೈ ಬಂತು, ಸಕ್ಕರೆ ಬಂತು, ಮೊಣಕಾಲು ಹೋಯಿತು. ಅರ್ಧ ಮೆಟ್ಟಿಲಲ್ಲಿ ಕೂತು, ಸೆರಗಿನಿಂದ ಗಾಳಿ ಹಾಕಿಕೊಂಡು, ಉಳಿದದ್ದನ್ನು ಕೈಯೂರಿ ಹತ್ತುವ ದಿನ ಬಂತು.

ಬಾವನಿಗೆ ಇದೇ ಸಮಯ ಅನ್ನಿಸಿತು. ಒಂದು ದಿನ ಊಟಕ್ಕೆ ಕೂತಾಗ ಮೆಲ್ಲಗೆ ಮಾತು ತೆಗೆದರು.

"ಸಾಕ್ ಬಿಡವಾ ಇನ್ನ. ಎಷ್ಟಂತ ದುಡೀತಿ? ಮನ್ಯಾಗ ಆರಾಮ ಕುಂದರು. ಮ್ಯಾಲಿಂದು ಮೊಬೈಲ್ ಅಂಗಡ್ಯಾವ್ರಿಗೆ ಬಾಡಿಗಿ ಕೊಡೂಣು. ಕೇಳಾಕ ಹತ್ಯಾರ."

ನನ್ನ ಗಂಡ ತಟ್ಟೆ ನೋಡುತ್ತಿದ್ದರು. ಅವರು ಅಣ್ಣನ ಎದುರು ಎಂದೂ ತಲೆ ಎತ್ತಿದವರಲ್ಲ. ನಾನು ಅಂದೆ, "ನಾ ಸತ್ತಮ್ಯಾಲ ಕೊಡ್ರಿ ಬಾವಾರ. ಅಲ್ಲೀತನಕ ಹತ್ತತೀನಿ." ಅಂದದ್ದೇನೋ ಅಂದುಬಿಟ್ಟೆ. ಮರುದಿನ ಆ ಮೆಟ್ಟಿಲ ಬುಡದಲ್ಲಿ ನಿಂತಾಗ ಕಣ್ಣಲ್ಲಿ ನೀರು ಬಂತು.

ಡಾಕ್ಟರು ನೇರ ಮನುಷ್ಯ. ಭಾರ ಇಳಿಯದೆ ಮೊಣಕಾಲಿನ ಆಪರೇಷನ್ ಬೇಡ, ಭಾರ ಇಳಿದರೆ ಆಪರೇಷನ್ನೇ ಬೇಕಾಗದಿರಬಹುದು ಎಂದರು. ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ನಿನ ಸಂಗತಿ ಹೇಳಿದರು. ಎರಡು ಬಗೆ. ಒಂದು ಸ್ವಲ್ಪ ಹಳೆಯದು, ಇನ್ನೊಂದು ಹೊಸದು. ಹೊಸದು ಹೆಚ್ಚು ಇಳಿಸುತ್ತದೆ, ಹೆಚ್ಚು ಖರ್ಚೂ ಹೌದು. ಎರಡಕ್ಕೂ ಸಕ್ಕರೆ ಹತೋಟಿಗೆ ಬರುತ್ತದೆ. ವಾಕರಿಕೆ ಬರಬಹುದು, ಹೊಟ್ಟೆ ಕಟ್ಟಬಹುದು, ಹೆಸರುಕಾಳು, ಶೇಂಗಾ ಬಿಡದೆ ತಿನ್ನಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆ ಕಸುವೂ ಹೋಗುತ್ತದೆ. ಕೊನೆಗೆ ಕನ್ನಡಕ ತೆಗೆದು ಇನ್ನೊಂದು ಮಾತು ಹೇಳಿದರು: "ನಿಲ್ಲಿಸಿದರೆ ಹೋದದ್ದು ಬಹುಪಾಲು ತಿರುಗಿ ಬರುತ್ತದೆ ಅಮ್ಮಾ. ಅದು ತಿಳಿದು ಶುರು ಮಾಡಿ."

ನಾನು ಹೊಸದನ್ನೇ ಹಿಡಿದೆ. ರೊಕ್ಕದ ಲೆಕ್ಕ ನನಗೆ ರೂಪಾಯಿಯಲ್ಲಿ ಬರುವುದಿಲ್ಲ, ಬ್ಲೌಸಿನಲ್ಲಿ ಬರುತ್ತದೆ. ಒಂದು ತಿಂಗಳ ಮದ್ದಿಗೆ ಹತ್ತಿರ ಹತ್ತಿರ ಮೂವತ್ತು ಲೈನಿಂಗ್ ಬ್ಲೌಸು. ಅಂದರೆ ತಿಂಗಳಿಡೀ ಬಗ್ಗಿ ಹೊಲಿದದ್ದು ಒಂದು ಚಿಕ್ಕ ಡಬ್ಬಿಯಲ್ಲಿ ಫ್ರಿಜ್ಜಿನ ಬಾಗಿಲಿಗೆ, ಲಿಂಬೆಹಣ್ಣಿನ ಪಕ್ಕ ಬಂದು ಕೂರುತ್ತಿತ್ತು.

ಆದರೆ ಕೆಲಸ ಮಾಡಿತು, ಸುಳ್ಳು ಹೇಳಲಾರೆ. ಮೊದಲ ವಾರಗಳಲ್ಲಿ ಒಗ್ಗರಣೆಯ ವಾಸನೆಗೆ ಹಿತ್ತಲಿಗೆ ಓಡುತ್ತಿದ್ದೆ. ಆಮೇಲೆ ಅದು ತಗ್ಗಿತು. ಒಂದು ರೊಟ್ಟಿಗೆ ಹೊಟ್ಟೆ ತುಂಬಿತು ಅನ್ನಿಸಿದಾಗ ನಾನು ಗಾಬರಿಯಾದೆ. ಹೊಟ್ಟೆ ತುಂಬುವುದು ಅಂದರೆ ಹೀಗಿರುತ್ತದೆಯೇ? ನಾನು ಅಷ್ಟು ವರ್ಷ ಉಂಡೆದ್ದ ಮೇಲೂ ಡಬ್ಬಿಯಲ್ಲಿರುವ ಚಕ್ಕುಲಿಯ ಬಗ್ಗೆಯೇ ಯೋಚಿಸುತ್ತಿದ್ದೆ. ತೆಳ್ಳಗಿರುವವರು ಹೀಗೇ, ಬಿಟ್ಟಿಯಾಗಿ, ಹುಟ್ಟಿದಾಗಿನಿಂದ ಬದುಕುತ್ತಿದ್ದಾರೆ. ಮೇಲಿಂದ ನಮಗೆ ಬುದ್ಧಿ ಹೇಳುತ್ತಾರೆ. ಎಷ್ಟು ಸಿಟ್ಟು ಬಂತೆಂದರೆ ಆ ದಿನ ಮೂರು ಸೂಜಿ ಮುರಿದೆ.

ಬುದ್ಧಿ ಹೇಳುವವರಿಗೆ ಬರವಿರಲಿಲ್ಲ. ಸಿದ್ದಾಪುರದಿಂದ ಬಂದ ಗಿರಾಕಿ ಬಿಸಿನೀರಿಗೆ ಜೇನುತುಪ್ಪ ಎಂದಳು. ಯಲ್ಲಾಪುರದವಳು ಬೆಳಗ್ಗೆ ಎದ್ದು ನಡೆಯಿರಿ ಎಂದಳು. ಮೊಣಕಾಲು ಯಾರದು, ಅವಳದೇ? ಬಾವನಂತೂ ದಿನಾ ಒಂದು ಸಲ ಅನ್ನುವರು, "ಉಪಾಸ ಮಾಡಾಕ ರೊಕ್ಕ ಕೊಡೂದು ಇದ ಮೊದಲ ನೋಡಿದ್ದು. ಸೋಮವಾರ ಉಪಾಸ ಹಿಡಿ, ಫುಕಟ್." ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ. ಅವರ ಸೋಮವಾರದ ಫಳಾರದಲ್ಲಿ ಇಬ್ಬರ ಹೊಟ್ಟೆ ತುಂಬುತ್ತದೆ.

ಇದರಲ್ಲಿ ನನಗಿದ್ದ ಜೊತೆ ಒಬ್ಬಳೇ. ಹುಲೇಕಲ್ ಕಡೆಯ ಒಬ್ಬ ಶಾಲಾ ಮಾಸ್ತರಿಣಿ, ಹಳೆಯ ಗಿರಾಕಿ. ಅವಳ ಸೊಂಟದಲ್ಲಿ ಟೇಪು ಸಡಿಲವಾದಾಗಲೇ ನನಗೆ ಅನುಮಾನ ಬಂತು. ನನ್ನ ಮುಖ ನೋಡಿ ಅವಳಿಗೂ ಬಂತು. ಪರದೆ ಎಳೆದು ಪಿಸುಗುಟ್ಟಿದಳು, "ಅಕ್ಕಾ, ನೀನೂ ಚುಚ್ಕತ್ತೆಯಾ?" ಅಂದಿನಿಂದ ಬಸ್ಸಿಗೆ ಬಂದಾಗಲೆಲ್ಲ ಅವಳು ನನ್ನನ್ನು, ನಾನು ಅವಳನ್ನು ಅಳೆಯುವುದು ಶುರುವಾಯಿತು. ಹೊಲಿಯುವವಳಿಗೆ ತನ್ನ ಅಳತೆ ತಾನು ತೆಗೆಯಲು ಬರುವುದಿಲ್ಲ, ಕೈ ಎತ್ತಿದರೆ ಎದೆಯ ಸುತ್ತು ತಪ್ಪುತ್ತದೆ. ಅವಳಿಗೆ ಸರಕಾರಿ ಪಗಾರ ಇತ್ತು, ಆ ಹೊಸ ಮದ್ದನ್ನೇ ತಪ್ಪದೆ ನಡೆಸಿದಳು.

ನನಗೆ ಆಗಲಿಲ್ಲ. ಮದುವೆ ಸೀಸನ್ ಮುಗಿದು ಹೊಲಿಗೆ ಕಡಿಮೆಯಾಯಿತು. ಆಗ ನಾನು ಹೊಲಿಯುವವಳು ಮಾತ್ರ ಮಾಡಬಹುದಾದ ಹುಚ್ಚು ಕೆಲಸ ಮಾಡಿದೆ. ಒಂದು ಬ್ಲೌಸ್ ಪೀಸಿನಲ್ಲಿ ಅಡ್ಡ ತಿರುಗಿಸಿ, ಮೂಲೆಗೆ ಮೂಲೆ ಕೂಡಿಸಿ, ಉದ್ದ ತೋಳೂ ಬರುವಂತೆ ಕತ್ತರಿಸುವುದು ನನ್ನ ಹೆಮ್ಮೆ. ಮದ್ದನ್ನೂ ಹಾಗೇ ಉಳಿಸಲು ಹೋದೆ. ವಾರದ್ದನ್ನು ಹತ್ತು ದಿನಕ್ಕೆ ಎಳೆದೆ, ಆಮೇಲೆ ಹದಿನೈದು ದಿನಕ್ಕೆ, ಆಮೇಲೆ ಮುಂದಿನ ತಿಂಗಳು ನೋಡೋಣ ಎಂದೆ. ಚಕ್ಕುಲಿ ಡಬ್ಬಿ ತಿರುಗಿ ಕರೆಯತೊಡಗಿತು. ಡಾಕ್ಟರು ನನ್ನ ಕತೆ ಕೇಳಿ ಹಣೆಗೆ ಕೈ ಹಚ್ಚಿದರು: "ಇದು ಬ್ಲೌಸ್ ಪೀಸಲ್ಲ ಅಮ್ಮಾ, ಎಳೆದರೆ ಸಾಲುವುದಿಲ್ಲ. ಆಗದಿದ್ದರೆ ನನ್ನ ಹತ್ತಿರ ಬಂದು ಹೇಳಬಾರದಿತ್ತೇ?"

ಮೈ ಬಂತು. ಮಳೆಗಾಲ ಮುಗಿಯುವುದರೊಳಗೆ ಮೊಣಕಾಲು ಊದಿ, ಒಂದು ದಿನ ಮೆಟ್ಟಿಲಲ್ಲಿ ಕೂತವಳಿಗೆ ಏಳಲಾಗಲಿಲ್ಲ. ಗಂಡ ಬಂದು ಎತ್ತಿ ಕೆಳಗೆ ಇಳಿಸಿದರು. ಮಷೀನನ್ನು ಜವಳಿ ಅಂಗಡಿಯ ಮೂಲೆಗೆ, ಮೆಟ್ಟಿಲ ಕೆಳಗಿನ ಸಂದಿಗೆ ತಂದಿಟ್ಟರು. ಅಳತೆ ಕೊಡಲು ಅಲ್ಲಿ ಮರೆ ಇಲ್ಲ. ಗಂಡಸರು ಪಂಚೆ ಆರಿಸುವ ಜಾಗದಲ್ಲಿ ಯಾವ ಹೆಂಗಸು ಸೆರಗು ಸರಿಸುತ್ತಾಳೆ? ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಮೇಲಿನ ಕೋಣೆಗೆ ಬೀಗ ಬಿತ್ತು. ಬೀಗದ ಕೈ ಬಾವನ ಗಲ್ಲೆಯಲ್ಲಿ, ಅಂಗಡಿಯ ದುಡ್ಡಿನ ಪೆಟ್ಟಿಗೆಯಲ್ಲಿ ಇತ್ತು.

ಮುಂದಿನ ಬೇಸಿಗೆಯ ಹೊತ್ತಿಗೆ ಆ ಹಳೆಯ ಮದ್ದನ್ನು ನಮ್ಮ ದೇಶದ ಕಂಪನಿಗಳೇ ಮಾಡಲು ಶುರು ಮಾಡಿದವು. ಬೆಲೆ ಬಿತ್ತು. ಡಾಕ್ಟರು ತಾವಾಗಿಯೇ ಕರೆಸಿ ಹೇಳಿದರು. ಈಗ ಲೆಕ್ಕ ತಿಂಗಳಿಗೆ ಎಂಟು ಬ್ಲೌಸು. ಮೂವತ್ತೆಲ್ಲಿ, ಎಂಟೆಲ್ಲಿ! ನಾನು ಪುನಃ ಶುರು ಮಾಡಿದೆ, ಈ ಸಲ ವಾರ ತಪ್ಪಿಸದೆ, ಗುರುವಾರ ಎಂದರೆ ಗುರುವಾರ.

ಎರಡರ ಗುಣ ನನ್ನನ್ನು ಕೇಳಿದರೆ ಹೇಳುತ್ತೇನೆ, ಡಾಕ್ಟರಾಗಿ ಅಲ್ಲ, ಚುಚ್ಚಿಕೊಂಡವಳಾಗಿ. ಮಾಸ್ತರಿಣಿಯ ದುಬಾರಿ ಮದ್ದು ಅವಳನ್ನು ಎರಡು ಅಳತೆ ಕೆಳಗೆ ಇಳಿಸಿದಷ್ಟೇ ತಿಂಗಳುಗಳಲ್ಲಿ ನನ್ನ ಅಗ್ಗದ್ದು ನನ್ನನ್ನು ಒಂದು ಅಳತೆ ಇಳಿಸಿತ್ತು. ವಾಕರಿಕೆ ನನಗೇ ಹೆಚ್ಚು. ಕೂದಲು ಇಬ್ಬರದೂ ಉದುರಿತು. ಆದರೆ ಅವಳದು ಪಗಾರದವಳ ಮದ್ದು, ನನ್ನದು ಹೊಲಿಯುವವಳ ಮದ್ದು. ಮುಂದಿನ ತಿಂಗಳೂ ಕೊಳ್ಳಲು ಆಗುವ ಮದ್ದೇ ಒಳ್ಳೆಯ ಮದ್ದು. ಅರ್ಧಕ್ಕೆ ಬಿಡುವ ದುಬಾರಿಗಿಂತ ಬಿಡದೆ ನಡೆಯುವ ಅಗ್ಗ ನನಗೆ ಲೇಸು. ಮಾಸ್ತರಿಣಿಯೂ ಒಪ್ಪಿದಳು: "ಹೌದೇ ಮಾರಾಯ್ತಿ, ನಂದೂ ರಿಟೈರ್ ಆದ ಮೇಲೆ ಎಂತ ಗತಿಯೋ!"

ಚಳಿ ಬೀಳುವಾಗ ನಾನು ಮೆಟ್ಟಿಲ ಕೆಳಗಿನಿಂದ ಎದ್ದು ಬಾವನ ಗಲ್ಲೆಗೆ ಹೋಗಿ ಬೀಗದ ಕೈ ಎತ್ತಿಕೊಂಡೆ. ಕೇಳಲಿಲ್ಲ. ಮೆಲ್ಲಗೆ, ಕಂಬಿ ಹಿಡಿದು, ಆದರೆ ಕೂರದೆ ಹತ್ತಿದೆ. ಬಾಗಿಲು ತೆಗೆದರೆ ದೂಳು, ಜೇಡರ ಬಲೆ, ನನ್ನ ಹಳೆಯ ಕನ್ನಡಿ. ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಆಮೇಲೆ ಕಸಬರಿಗೆ ಹಿಡಿದೆ. ಸಂಜೆ ನನ್ನ ಗಂಡ ಯಾರೂ ಹೇಳದೆ ಮಷೀನನ್ನು ಹೊತ್ತು ಮೇಲೆ ತಂದರು.

ಬಾವ ಸುಮ್ಮನಿರುತ್ತಾರೆಯೇ? ಅವರ ಮಗಳ ಮದುವೆಗೆಂದು ನಾನು ನನ್ನ ಬ್ಲೌಸ್ ಕತ್ತರಿಸುತ್ತಿದ್ದ ದಿನವೇ ಮೊಬೈಲ್ ಅಂಗಡಿಯವನನ್ನು ಕರೆದುಕೊಂಡು ಜಾಗ ತೋರಿಸಲು ಮೇಲೆ ಬಂದರು. ಮಾಸ್ತರಿಣಿ ಆಗಷ್ಟೇ ನನ್ನ ಅಳತೆ ತೆಗೆದು ಸ್ಟೂಲಿನ ಮೇಲೆ ಕೂತಿದ್ದಳು. ಬಾವ ಬಾಗಿಲಿಗೆ ಒರಗಿ ಉಸಿರು ತಿರುಗಿಸಿಕೊಂಡರು. ಜವಳಿ ವ್ಯಾಪಾರಿಯ ಕಣ್ಣು, ಸೀದಾ ನನ್ನ ಸೀಮೆಸುಣ್ಣದ ಗೆರೆಗೆ ಹೋಯಿತು.

"ಒಳಗ ಎರಡಿಂಚು ಬಿಟ್ಟೀಯಲ್ಲವಾ!" ಅಂದರು, ಆ ಹುಡುಗನಿಗೂ ಕೇಳುವಂತೆ. "ಅಂದ್ರ ನಿನಗೂ ಗೊತ್ತೈತಿ, ತಿರುಗಿ ಬರತೈತಿ ಅಂತ. ಅಷ್ಟ ನಂಬಿಕಿ ಇದ್ರ ಕತ್ತರಿಸಿ ಒಗೀ ನೋಡೂಣು!"

ಕತ್ತರಿ ನನ್ನ ಕೈಯಲ್ಲೇ ಇತ್ತು. ಒಂದು ಕ್ಷಣ ನಿಜಕ್ಕೂ ಕತ್ತರಿಸಿಬಿಡೋಣ ಅನ್ನಿಸಿತು. ಹಟಕ್ಕೆ. ಆಮೇಲೆ ಇವರ ಹಟಕ್ಕೆ ನನ್ನ ಬಟ್ಟೆ ಯಾಕೆ ಹಾಳು ಮಾಡಲಿ ಎಂದು ಕತ್ತರಿ ಕೆಳಗಿಟ್ಟೆ.

"ಬಾವಾರ, ನೀವು ಬಿಪಿ ಗುಳಿಗಿ ನುಂಗಾಕ ಹತ್ತಿ ಎಷ್ಟ ವರ್ಷಾತು? ಬಿಟ್ರ ಬಿಪಿ ತಿರುಗಿ ಬರತೈತೋ ಇಲ್ಲೋ? ಅಷ್ಟ ನಂಬಿಕಿ ಇದ್ರ ಇವತ್ತ ರಾತ್ರಿ ಗುಳಿಗಿ ಒಗೀರಿ ನೋಡೂಣು."

ಮಾಸ್ತರಿಣಿ ಸೆರಗು ಬಾಯಿಗೆ ಹಿಡಿದುಕೊಂಡಳು. ಬಾವ ಏನೋ ಹೇಳಲು ಹೋದರು, ನಾನು ಬಿಡಲಿಲ್ಲ. "ಹೌದು, ಬರಬಹುದು. ನಾಳೆ ರೊಕ್ಕ ತೀರಬಹುದು, ಮದ್ದು ಸಿಗದಿರಬಹುದು, ಮೈ ಬರಬಹುದು. ಅದಕ್ಕ ಬಟ್ಟಿ ಬಿಟ್ಟೀನಿ. ಈ ಊರಾಗ ಎಲ್ಲಾರಿಗೂ ಬಿಟ್ಟು ಕೊಟ್ಟೀನಿ, ನಿಮ್ಮ ಮಗಳ ಮದುವಿ ಬ್ಲೌಸಿಗೂ ಬಿಟ್ಟೀನಿ. ಆಕಿಗೆ ನಂಬಿಕಿ ಇಲ್ಲ ಅಂತೀರೇನು?"

ಆಮೇಲೆ ಆ ಹುಡುಗನ ಕಡೆ ತಿರುಗಿದೆ. ಪಾಪ, ಅವನು ಎಲ್ಲಿ ನೋಡಬೇಕೋ ತಿಳಿಯದೆ ಸೀಲಿಂಗ್ ನೋಡುತ್ತಿದ್ದ. "ತಮ್ಮಾ, ಮೆಟ್ಟಿಲ ನೋಡಿದಿಲ್ಲೋ? ಚಾರ್ಜರ್ ಕೊಳ್ಳಾಕ ಯಾರೂ ಹತ್ತಿ ಬರಂಗಿಲ್ಲ. ನನ್ನ ಗಿರಾಕಿಗಳು ಬರತಾರ. ಈ ಜಾಗ ಖಾಲಿ ಇಲ್ಲ."

ಅವನು ಬೇಗ ಬೇಗ ಇಳಿದು ಹೋದ. ಬಾವ ನಿಂತೇ ಇದ್ದರು. ಹಿಂದೆ, ಮೆಟ್ಟಿಲ ನಡುವೆ, ನನ್ನ ಗಂಡ ಬಂದು ನಿಂತಿದ್ದನ್ನು ಆಗ ನೋಡಿದೆ. ಅವರು ಅಣ್ಣನ ಮುಖ ನೋಡಿಯೇ ಹೇಳಿದರು, "ಮ್ಯಾಲಿಂದು ಕೊಡೂದಿಲ್ಲಣ್ಣ. ಬಾ, ಕೆಳಗ ಗಿರಾಕಿ ಕಾಯಾಕ ಹತ್ಯಾರ."

ಆ ಬ್ಲೌಸನ್ನು ಮದುವೆಗೆ ತೊಟ್ಟೆ. ಊಟದಲ್ಲಿ ಎರಡು ಹೋಳಿಗೆ ಬಡಿಸಿದರು, ಅರ್ಧಕ್ಕೆ ಸಾಕಾಯಿತು. ಮೊದಲಿನ ನನಗಾಗಿ ಸ್ವಲ್ಪ ಬೇಸರವೂ ಆಯಿತು. ಅವಳು ಹೋಳಿಗೆಯನ್ನು ಬಹಳ ಪ್ರೀತಿಯಿಂದ ತಿನ್ನುತ್ತಿದ್ದಳು. ತೆಳ್ಳಗಾಗಿದ್ದೇನೆ ಎಂದು ನಾನು ಹೇಳುವುದಿಲ್ಲ. ಈಗಲೂ ದಪ್ಪಗೇ ಇದ್ದೇನೆ, ಮೆಟ್ಟಿಲು ಹತ್ತುವಷ್ಟು ದಪ್ಪ. ಆ ಎರಡಿಂಚು ಬಟ್ಟೆ ಒಳಗೇ ಇದೆ. ಬಿಚ್ಚುವ ದಿನ ಬಂದರೆ ಬರಲಿ, ಬಿಚ್ಚುತ್ತೇನೆ. ಮೇಲೆ ಹತ್ತಿ, ನನ್ನ ಅಂಗಡಿಯಲ್ಲಿ, ನನ್ನ ಮಷೀನಿನ ಮುಂದೆ ಕೂತು ಬಿಚ್ಚುತ್ತೇನೆ.